ಮನಿಯಾರ್ಡರಿನಿಂದ ಯುಪಿಐವರೆಗೆ

ಕಳೆದ ತಿಂಗಳು ಅಮ್ಮನ ತಿಥಿಯ ಖರ್ಚಿಗೆಂದು ಊರಿನ ತಮ್ಮನಿಗೆ ಮೊಬೈಲಿನಲ್ಲಿ ಎರಡು ಸಾವಿರ ರೂಪಾಯಿ ಕಳಿಸಿದೆ. ನನ್ನ ಖಾತೆಯಿಂದ ಹಣ ಹೋಯಿತು, ಅವನಿಗೆ ಬರಲಿಲ್ಲ. "ಹಾಗಾದ್ರೆ ದುಡ್ಡು ಈಗ ಎಲ್ಲುಂಟು ಅಣ್ಣಾ?" ಎಂದು ಫೋನಿನಲ್ಲಿ ಕೇಳಿದ. ನಲವತ್ತು ವರ್ಷಕ್ಕೂ ಮೇಲೆ ಮುಂಬಯಿಯಿಂದ ಊರಿಗೆ ಹಣ ಕಳಿಸುತ್ತಾ ಬಂದವನು ನಾನು. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

1979ರಲ್ಲಿ ಮಾಟುಂಗದ ಹೋಟೆಲಿಗೆ ಕೆಲಸಕ್ಕೆ ಸೇರಿದಾಗ ನಮಗೆಲ್ಲ ಮನಿಯಾರ್ಡರೇ ಗತಿ. ನಮ್ಮ ದೇಶದಲ್ಲಿ 1880ರಿಂದ ನಡೆದು ಬಂದ ವ್ಯವಸ್ಥೆ ಅದು. ಸಂಬಳದ ಮರುದಿನ ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವುದು, ಫಾರ್ಮಿನ ಕೆಳತುದಿಯ ಚೂರು ಜಾಗದಲ್ಲಿ "ನಾನು ಕ್ಷೇಮ" ಎಂದು ಬರೆಯುವುದು. ನಾನು ಕೊಟ್ಟ ನೋಟುಗಳೇ ಚೀಲದಲ್ಲಿ ಊರಿಗೆ ಹೋಗುತ್ತವೆ ಎಂದು ಬಹಳ ದಿನ ನಂಬಿದ್ದೆ. ನಿಜ ಏನೆಂದರೆ, ನೋಟು ಇಲ್ಲಿನ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಹೋಗುತ್ತಿದ್ದದ್ದು ಬರೀ ಕಾಗದ. ಅದನ್ನು ನೋಡಿ ಊರಿನ ಅಂಚೆ ಕಚೇರಿ ತನ್ನ ಬಳಿಯ ಹಣವನ್ನು ಅಮ್ಮನಿಗೆ ಕೊಡುತ್ತಿತ್ತು.

ಅಂಚೆಯದು ಒಂದೇ ಇಲಾಖೆ, ಲೆಕ್ಕ ಸುಲಭ. ಬೇರೆ ಬೇರೆ ಬ್ಯಾಂಕುಗಳ ನಡುವೆ ಹೇಗೆ? ಅದಕ್ಕೇ ಕ್ಲಿಯರಿಂಗ್ ಹೌಸ್. ಎಲ್ಲ ಬ್ಯಾಂಕಿನವರೂ ಚೆಕ್ಕಿನ ಕಟ್ಟುಗಳನ್ನು ಅಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು. ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಕೂಡಿ ಕಳೆದು, ಉಳಿದ ವ್ಯತ್ಯಾಸವನ್ನಷ್ಟೇ ತೀರಿಸಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ದೊಡ್ಡ ನಗರಗಳಲ್ಲಿ ಚೆಕ್ಕಿನ ಕೆಳಗಿನ ಕಾಂತೀಯ ಶಾಯಿಯ ಅಂಕಿಗಳನ್ನು ಓದುವ ಯಂತ್ರಗಳು ಬಂದವು. 2008ರಲ್ಲಿ ದಿಲ್ಲಿಯಿಂದ ಶುರುವಾಗಿ, ಚೆಕ್ಕಿನ ಬದಲು ಅದರ ಚಿತ್ರ ಮಾತ್ರ ಹೋಗುವ ಪದ್ಧತಿ ಬಂತು.

ಈ ನಡುವೆ ಕಾಗದವೇ ಬೇಡದ ದಾರಿಗಳೂ ತೆರೆದುಕೊಂಡಿದ್ದವು. ದೊಡ್ಡ ಮೊತ್ತಕ್ಕೆ 2004ರಲ್ಲಿ ಆರ್‌ಟಿಜಿಎಸ್, ನಮ್ಮಂಥವರಿಗೆ 2005ರಲ್ಲಿ ನೆಫ್ಟ್. ಆದರೆ ನೆಫ್ಟ್ ಕಂತು ಕಂತಾಗಿ ಹೋಗುತ್ತಿತ್ತು, ರಜೆಯ ದಿನ ಇರುತ್ತಿರಲಿಲ್ಲ. ಅದು ಹಗಲಿರುಳೂ ನಡೆಯತೊಡಗಿದ್ದು 2019ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ, 2010ರಲ್ಲೇ ಎನ್‌ಪಿಸಿಐ ಸಂಸ್ಥೆ ತಕ್ಷಣ ಹಣ ತಲುಪಿಸುವ ಐಎಂಪಿಎಸ್ ತಂದಿತ್ತು. 2016ರಲ್ಲಿ ಯುಪಿಐ ಬಂತು.

ಈಗ ನಾನು ಪಿನ್ ಒತ್ತಿದರೆ ಏನಾಗುತ್ತದೆ ನೋಡಿ. ನನ್ನ ಆ್ಯಪಿನ ಹಿಂದಿರುವ ಬ್ಯಾಂಕು ಸಂದೇಶವನ್ನು ಎನ್‌ಪಿಸಿಐಗೆ ಕಳಿಸುತ್ತದೆ. ಪಡೆಯುವವರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಬಳಿಕ ನನ್ನ ಖಾತೆಯಿರುವ ಬ್ಯಾಂಕು ಪಿನ್ ಪರೀಕ್ಷಿಸಿ ಹಣ ಕಳೆಯುತ್ತದೆ. ಆಮೇಲೆ ತಮ್ಮನ ಬ್ಯಾಂಕಿಗೆ, "ಇಷ್ಟು ಜಮಾ ಮಾಡು" ಎಂಬ ಸೂಚನೆ. ಜಮಾ ಆಯಿತೆಂಬ ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ. ಎಲ್ಲ ಕೆಲವೇ ಸೆಕೆಂಡಿನ ಮಾತು. ಆದರೆ ಬ್ಯಾಂಕಿನಿಂದ ಬ್ಯಾಂಕಿಗೆ ಆಗಿನ್ನೂ ಒಂದು ರೂಪಾಯಿಯೂ ಹೋಗಿರುವುದಿಲ್ಲ! ದಿನಕ್ಕೆ ಹಲವು ಸಲ ಎಲ್ಲವನ್ನೂ ಕೂಡಿ ಕಳೆದು, ರಿಸರ್ವ್ ಬ್ಯಾಂಕಿನಲ್ಲಿ ಅವು ಇಟ್ಟಿರುವ ಖಾತೆಗಳ ಮೂಲಕ ವ್ಯತ್ಯಾಸ ತೀರುತ್ತದೆ. ತಮ್ಮನ ಬ್ಯಾಂಕು ಬರೀ ಸಂದೇಶವನ್ನು ನಂಬಿ ಹಣ ಕೊಟ್ಟಿರುತ್ತದೆ, ನಮ್ಮೂರ ಅಂಚೆ ಕಚೇರಿ ಫಾರ್ಮನ್ನು ನಂಬಿ ಕೊಟ್ಟ ಹಾಗೆ.

ಆ ದಿನ ಕಡಿತವೇನೋ ಆಯಿತು, ಆಚೆ ಜಮಾ ಆಗಲಿಲ್ಲ. ಹಣ ದಾರಿಯಲ್ಲೆಲ್ಲೂ ಬಿದ್ದಿರಲಿಲ್ಲ, ಬ್ಯಾಂಕಿನ ಲೆಕ್ಕದಲ್ಲೇ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಹೀಗೆ ಸಿಕ್ಕಿಕೊಂಡರೆ ಮರುದಿನದೊಳಗೆ ಹಿಂತಿರುಗಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ನನ್ನದು ಮರುದಿನವೇ ಬಂತು. ಅಷ್ಟರಲ್ಲಿ ತಮ್ಮ ಅಂಗಡಿಯಲ್ಲಿ ಲೆಕ್ಕ ಬರೆಸಿ ಸಾಮಾನು ತಂದಿದ್ದ. ಅಲ್ಲೂ ಕೆಲಸ ಮಾಡಿದ್ದು ನಂಬಿಕೆಯೇ.

ಮನಿಯಾರ್ಡರು ತಲುಪಿದ ಮೇಲೆ ಒಂದು ರಸೀದಿ ನನಗೆ ವಾಪಸು ಬರುತ್ತಿತ್ತು. ಅದರಲ್ಲಿ ಅಮ್ಮನ ನೀಲಿ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ. ವಾರಗಟ್ಟಲೆ ಕಾದು ಅದನ್ನು ಕಂಡಾಗ, ಹಣ ಮುಟ್ಟಿತು ಅನ್ನುವುದಕ್ಕಿಂತ ಅಮ್ಮ ಇದ್ದಾಳೆ ಎಂಬ ಸಮಾಧಾನವೇ ಹೆಚ್ಚಾಗುತ್ತಿತ್ತು. ಈಗ ಯಂತ್ರದ ಉತ್ತರ ತಕ್ಷಣ ಬರುತ್ತದೆ. ಆದರೂ ಹಣ ಕಳಿಸಿದ ಮೇಲೆ ತಮ್ಮನಿಗೆ ಫೋನು ಮಾಡದೆ ಇರಲಾಗುವುದಿಲ್ಲ.