ಎನ್‌ಜಿಸಿ 1068: ಮರೆಯ ಕೇಂದ್ರಕ್ಕೆ ಎಕ್ಸ್-ರೇ ಸಾಕ್ಷ್ಯ

ಎಕ್ಸ್-ರೇ ದೂಳನ್ನು ತೂರಿ ಬರುತ್ತದೆ, ಹಾಗಾಗಿ ಸಕ್ರಿಯ ಗೆಲಾಕ್ಸಿಯ ಕೇಂದ್ರವನ್ನು, ಅಂದರೆ ಕಪ್ಪುಕುಳಿಯ ಆಸುಪಾಸನ್ನು, ನೇರವಾಗಿ ತೋರಿಸುತ್ತದೆ ಎಂಬ ವಿವರಣೆ ನಮ್ಮ ವಿಜ್ಞಾನ ಬರಹಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದಿದೆ. ಎನ್‌ಜಿಸಿ 4151 ಗೆಲಾಕ್ಸಿಯ ಮಟ್ಟಿಗೆ ಇದನ್ನು ಹೆಚ್ಚುಕಡಿಮೆ ಒಪ್ಪಬಹುದು. ಉಹುರು ಉಪಗ್ರಹ 1971ರಲ್ಲೇ ಅದನ್ನು ಗುರುತಿಸಿತ್ತು. ಕಾರ್ಲ್ ಸೈಫರ್ಟ್ 1943ರ ಪ್ರಬಂಧದಲ್ಲಿ ಅದರ ಸಾಲಿನಲ್ಲೇ ಇಟ್ಟ ಎನ್‌ಜಿಸಿ 1068ಕ್ಕೆ ಬಂದರೆ ಈ ವಿವರಣೆ ನಿಲ್ಲುವುದಿಲ್ಲ.

ಈ ಗೆಲಾಕ್ಸಿ ಇರುವುದು ಖಗೋಳ ವಿಷುವದ್ವೃತ್ತದ ಮೇಲೆ. ಬಳ್ಳಾರಿಯಲ್ಲಾಗಲಿ ಸಿರುಗುಪ್ಪದ ಗದ್ದೆ ಬಯಲಿನಲ್ಲಾಗಲಿ ಡಿಸೆಂಬರ್ ಮಧ್ಯದ ರಾತ್ರಿ 9ರ ಸುಮಾರಿಗೆ ನೆತ್ತಿಯಿಂದ 15 ಡಿಗ್ರಿಯಷ್ಟೇ ದಕ್ಷಿಣಕ್ಕೆ ಸಿಗುತ್ತದೆ. ದೂರದರ್ಶಕದಲ್ಲಿ ಕಾಣುವುದು ಒಂದು ಮಬ್ಬು ಮಚ್ಚೆ. ಅದರ ಎಕ್ಸ್-ರೇಯನ್ನು ವಾಯುಮಂಡಲ ಹೀರಿಬಿಡುವುದರಿಂದ ಉಪಗ್ರಹವೇ ಗತಿ.

ಎಂಬತ್ತರ ದಶಕದವರೆಗೆ ಸಿಕ್ಕ ಎಕ್ಸ್-ರೇ ತೀರ ಕ್ಷೀಣ. ಕೇಂದ್ರವೇ ದುರ್ಬಲ ಎಂದು ಓದುವುದು ಸುಲಭವಿತ್ತು. ಆಂಟನುಚಿ ಮತ್ತು ಮಿಲ್ಲರ್ 1985ರಲ್ಲಿ ಧ್ರುವೀಕೃತ ಬೆಳಕಿನಲ್ಲಿ ಅಗಲವಾದ ರೋಹಿತರೇಖೆಗಳನ್ನು ಕಂಡು, ಕೇಂದ್ರ ಮರೆಯಲ್ಲಿದೆ ಎಂದರು. ಈ ಪ್ರಬಂಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅಷ್ಟೇ ತೂಕದ ಇನ್ನೊಂದು ಸಾಕ್ಷ್ಯ ಬದಿಗೆ ಸರಿದಿದೆ: ಜಪಾನಿನ ಗಿಂಗಾ ಉಪಗ್ರಹದ ದತ್ತಾಂಶದಿಂದ ಕೊಯಾಮ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಕಬ್ಬಿಣದ ರೇಖೆ. ರೋಹಿತದಲ್ಲಿ ಅದರ ಅಕ್ಕಪಕ್ಕದ ಹಿನ್ನೆಲೆ ಹೊಳಪಿಗೆ ಹೋಲಿಸಿ ಅಳೆದಾಗ ರೇಖೆಯ ಬಲ ಸುಮಾರು 1.3 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕೇಂದ್ರ ನೇರವಾಗಿ ಕಾಣುವ ಸೈಫರ್ಟ್ ಗೆಲಾಕ್ಸಿಗಳಲ್ಲಿ ಈ ಬಲ ಹೆಚ್ಚಾಗಿ ಇದರ ಹತ್ತನೇ ಒಂದು ಭಾಗದ ಆಸುಪಾಸು. ದುರ್ಬಲ ಕೇಂದ್ರವಾಗಿದ್ದರೆ ರೇಖೆ, ಹಿನ್ನೆಲೆ ಎರಡೂ ಒಟ್ಟಿಗೆ ಕುಗ್ಗಬೇಕಿತ್ತು. ರೇಖೆ ಉಳಿದು ಹಿನ್ನೆಲೆ ಮಾತ್ರ ಕುಗ್ಗಿದೆಯೆಂದರೆ ನೇರ ಕಿರಣ ದಾರಿಯಲ್ಲೇ ನಿಂತಿದೆ, ನಮಗೆ ಬರುತ್ತಿರುವುದು ಸುತ್ತಲಿನ ಅನಿಲಕ್ಕೆ ಬಡಿದು ಚದುರಿದ ಕಿರಣ. ಸೂರ್ಯ ಮರೆಯಾದ ಮೇಲೂ ಕುರುಗೋಡಿನ ಎದುರುಬಂಡೆ ಹೊಳೆಯುವಂತೆ.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ, ಅದನ್ನು ತಳ್ಳಿಹಾಕುವವರ ಆತುರ ನನಗೆ ಹಿಡಿಸದು. ಚದುರಿಸುವ ಅನಿಲ ಕೇಂದ್ರದಿಂದ ಎಷ್ಟೋ ಜ್ಯೋತಿರ್ವರ್ಷ ದೂರಕ್ಕೂ ಹರಡಿದೆ. ಕೇಂದ್ರ ಎಂದೋ ಆರಿಹೋಗಿ, ಹಳೆಯ ಬೆಳಕಿನ ಪ್ರತಿಫಲನ ಮಾತ್ರ ಈಗ ತಲುಪುತ್ತಿರಬಾರದೇಕೆ? ಗಿಂಗಾ ದತ್ತಾಂಶವೊಂದರಿಂದಲೇ ಇದಕ್ಕೆ ಉತ್ತರವಿಲ್ಲ. ಉತ್ತರ ಬಂದದ್ದು ನುಸ್ಟಾರ್ ಉಪಗ್ರಹದಿಂದ. 2012ರ ಡಿಸೆಂಬರ್‌ಗೆ ಹೋಲಿಸಿದರೆ 2014ರ ಆಗಸ್ಟ್‌ನಲ್ಲಿ 20 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನ ಹೊಳಪು ಸುಮಾರು ಮೂರನೇ ಒಂದರಷ್ಟು ಏರಿತ್ತು. 10ಕ್ಕಿಂತ ಕೆಳಗೆ ಬದಲಾವಣೆ ಇರಲಿಲ್ಲ. 2015ರ ಫೆಬ್ರವರಿಯ ಹೊತ್ತಿಗೆ ಏರಿಕೆ ಇಳಿದಿತ್ತು. ಜ್ಯೋತಿರ್ವರ್ಷಗಳುದ್ದದ ಪ್ರತಿಫಲನ ತಿಂಗಳುಗಳಲ್ಲಿ ಹೀಗೆ ಏರಿಳಿಯಲಾರದು. ಮರೆ ತುಸು ತೆಳುವಾದಾಗ ಬಲವಾದ ಕಿರಣ ಮಾತ್ರ ನುಸುಳಿತು ಎಂಬ, ಈ ದತ್ತಾಂಶವನ್ನು ವಿಶ್ಲೇಷಿಸಿದ ಮಾರಿನುಚಿ ತಂಡದ ಓದನ್ನು ಒಪ್ಪುತ್ತೇನೆ. (ಕೇಂದ್ರವೇ ಉಜ್ವಲಿಸಿತು ಎಂಬ ಬದಲಿ ಓದನ್ನು ಕೆಳಗಿನ ಹೊಳಪಿನ ಸ್ಥಿರತೆಯೊಂದೇ ಅಲ್ಲಗಳೆಯದು, ಪ್ರತಿಫಲನ ತಡವಾಗಿ ಬರಬಹುದು.) ಎರಡರಲ್ಲಿ ಯಾವುದೇ ಇರಲಿ, ಕೇಂದ್ರ ಜೀವಂತವಿದೆ.

ಬೆಂಗಳೂರಿನಲ್ಲಿ ಸಜ್ಜಾಗಿ 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹ ಈ ಎರಡು ಓದುಗಳ ವ್ಯಾಜ್ಯವನ್ನು ತೀರ್ಮಾನಿಸಬಲ್ಲದು ಎನ್ನುವವರಿದ್ದಾರೆ. ಅಭಿಮಾನ ನನಗೂ ಇದೆ. ಆದರೆ 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಅಳೆಯುವ ಅದರ ಲ್ಯಾಕ್ಸ್‌ಪಿಸಿ ಉಪಕರಣ ಚಿತ್ರ ತೆಗೆಯುವುದಿಲ್ಲ. ಸುಮಾರು ಒಂದು ಡಿಗ್ರಿ ಕ್ಷೇತ್ರದ ಎಲ್ಲ ಎಕ್ಸ್-ರೇಯನ್ನೂ ಒಟ್ಟಿಗೆ ಎಣಿಸುತ್ತದೆ. ಇದೇ ಗೆಲಾಕ್ಸಿಯಲ್ಲಿ ಕೇಂದ್ರದಿಂದಾಚೆ 2017ರಲ್ಲಿ ಬೇರೊಂದು ಆಕರ ಬೆಳಗಿದ್ದುಂಟು. ಅಂಥದ್ದನ್ನು ಲ್ಯಾಕ್ಸ್‌ಪಿಸಿ ಕೇಂದ್ರದಿಂದ ಬೇರ್ಪಡಿಸಲಾರದು. ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಉಪಕರಣ 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ವ್ಯಾಪ್ತಿಯಲ್ಲಿ ಧ್ರುವೀಕರಣ ಅಳೆಯುತ್ತದಾದರೂ ಅದನ್ನು ರೂಪಿಸಿದ್ದು ಪ್ರಖರ ಆಕರಗಳಿಗೆ.

ಎನ್‌ಜಿಸಿ 1068ರ ಎಕ್ಸ್-ರೇ ಚಿತ್ರವನ್ನು ಇನ್ನು ಮುಂದೆ ಅಚ್ಚು ಹಾಕುವವರು ಅಡಿಬರಹದಲ್ಲಿ ‘ಕಪ್ಪುಕುಳಿಯ ನೇರ ನೋಟ’ ಎಂದು ಬರೆಯದಿರಲಿ.