ಬ್ಲ್ಯಾಕ್‌ಹೀತಿನ ಭಾಷಣ, ಮೈಸೂರಿನ ಬರ: 1876–77ರ ಕುರಿತು ಒಂದು ಟಿಪ್ಪಣಿ

ಪರದೇಶದ ಸಂಕಟಕ್ಕೆ ರಾಜಕಾರಣಿಗಳು ದನಿ ಕೊಟ್ಟ ಪ್ರಸಂಗಗಳಲ್ಲಿ ಲಂಡನ್ನಿನ ಬ್ಲ್ಯಾಕ್‌ಹೀತ್ ಬಯಲಿನ ಸಭೆಗೆ ವಿಶೇಷ ಸ್ಥಾನವಿದೆ. 1876ರ ಸೆಪ್ಟೆಂಬರ್ 9ರಂದು ಬ್ರಿಟನ್ನಿನ ಮಾಜಿ ಪ್ರಧಾನಿ ವಿಲಿಯಂ ಗ್ಲಾಡ್‌ಸ್ಟನ್ ಅಲ್ಲಿ ಸುರಿಯುವ ಮಳೆಯಲ್ಲಿ ನಿಂತು, ಬಲ್ಗೇರಿಯದಲ್ಲಿ ತುರ್ಕಿ ಸುಲ್ತಾನನ ಪಡೆಗಳು ನಡೆಸಿದ ಕಗ್ಗೊಲೆಯನ್ನು ಖಂಡಿಸಿದರು. ನೆರೆದವರು ಸುಮಾರು 10,000 ಮಂದಿ. ಬಯಲಿಗೆ ಹತ್ತಿಕೊಂಡ ಗ್ರೀನಿಚ್ ಆಗ ಅವರದೇ ಮತಕ್ಷೇತ್ರ. ಮೂರು ದಿನ ಮೊದಲು ಹೊರಬಂದಿದ್ದ, ಇದೇ ವಿಷಯದ ಅವರ ಕಿರುಹೊತ್ತಗೆ ತಿಂಗಳೊಪ್ಪತ್ತಿನಲ್ಲಿ ಸುಮಾರು 2 ಲಕ್ಷ ಪ್ರತಿ ಮಾರಾಟವಾಯಿತು.

ಆದರೆ ಈ ಚಳವಳಿಯನ್ನು ಹುಟ್ಟುಹಾಕಿದವರು ಗ್ಲಾಡ್‌ಸ್ಟನ್ ಅಲ್ಲ. ಲಂಡನ್ನಿನ ‘ಡೈಲಿ ನ್ಯೂಸ್’ ಜೂನ್ 23ರಂದೇ ಕಗ್ಗೊಲೆಯ ಸುದ್ದಿ ಪ್ರಕಟಿಸಿತ್ತು. ಆಗಸ್ಟಿನಲ್ಲಿ ಅದರ ವರದಿಗಾರ ಮ್ಯಾಕ್‌ಗಹನ್ ಬಟಕ್ ಎಂಬ ಊರಿಗೆ ಹೋಗಿ, ಅಲ್ಲಿನ ಹೆಣಗಳ ರಾಶಿಯನ್ನು ಕಣ್ಣಾರೆ ಕಂಡು ಬರೆದಿದ್ದ. ಪ್ರತಿಭಟನೆ ಕಾವೇರಿದ ಮೇಲಷ್ಟೇ ಗ್ಲಾಡ್‌ಸ್ಟನ್ ಅದರೊಳಗೆ ಬಂದರು ಎಂಬುದನ್ನು ಇತಿಹಾಸಕಾರ ರಿಚರ್ಡ್ ಶ್ಯಾನನ್ 1963ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. 1875ರಲ್ಲಿ ಪಕ್ಷದ ನಾಯಕತ್ವ ಬಿಟ್ಟಿದ್ದ ಗ್ಲಾಡ್‌ಸ್ಟನ್ 1880ರಲ್ಲಿ ಮತ್ತೆ ಪ್ರಧಾನಿಯಾದರು. 1876ರಲ್ಲಿ ಪ್ರಧಾನಿಯಾಗಿದ್ದ ಡಿಸ್ರೇಲಿಯವರ ನಿಲುವು ಇನ್ನೊಂದು ಬಗೆಯದು. ಮೊದಲ ವರದಿಗಳನ್ನು ಅವರು ಕಾಫಿ ಅಂಗಡಿಯ ಹರಟೆಯೆಂದು ತಳ್ಳಿಹಾಕಿದರು.

ಅದೇ 1876ರಲ್ಲಿ ಮೈಸೂರು ಸೀಮೆಯಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದುದು ಇದನ್ನೇ. 1831ರಿಂದ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದುದರಿಂದ ಇಲ್ಲಿನ ಹಸಿವಿಗೆ ಕೊನೆಗೆ ಉತ್ತರ ಹೇಳಬೇಕಾದದ್ದು ಲಂಡನ್ನಿನ ಸಂಸತ್ತೇ. ಈ ಹಸಿವಿನ ನಡುವೆಯೇ 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದರು. ಅದರ ಬೆನ್ನಿಗೇ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಇದೇ ಬರಕ್ಕೆ ತುತ್ತಾಗಿದ್ದ ಮದರಾಸಿನ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದರು.

ಲಂಡನ್ನಿನ ಸಾಮಾನ್ಯ ಜನ ಕೈಕಟ್ಟಿ ಕೂತಿರಲಿಲ್ಲ. 1877ರ ಆಗಸ್ಟಿನಲ್ಲಿ ಮದರಾಸಿನ ಸಭೆಯೊಂದರ ಮನವಿಗೆ ಓಗೊಟ್ಟು ಲಂಡನ್ನಿನ ಲಾರ್ಡ್ ಮೇಯರ್ ಮ್ಯಾನ್ಷನ್ ಹೌಸಿನಲ್ಲಿ ಪರಿಹಾರ ನಿಧಿ ತೆರೆದಾಗ ಧಾರಾಳವಾಗಿ ಹಣ ಹರಿದುಬಂತು. ಲಿಟ್ಟನ್ನರಿಗೆ ಮಾತ್ರ ಈ ಮನವಿ ಹಿಡಿಸಲಿಲ್ಲ. ಗ್ಲಾಡ್‌ಸ್ಟನ್ 1879ರ ಮಿಡ್ಲೋಥಿಯನ್ ಪ್ರಚಾರದಲ್ಲಿ, ಭಾರತ ಸರ್ಕಾರದ ಬರನಿಧಿಯ ಹಣ ಅಫಘಾನ್ ಯುದ್ಧಕ್ಕೆ ಹೋಯಿತೆಂದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಆಪಾದನೆ ಗಂಭೀರವಾದದ್ದೇ, ಆದರೆ ಬಂದದ್ದು ಚುನಾವಣೆಯ ಹೊಸ್ತಿಲಲ್ಲಿ. ಅವರೇ ಪ್ರಧಾನಿಯಾಗಿದ್ದ 1882ರಲ್ಲಿ ಬ್ರಿಟಿಷ್ ನೌಕಾಪಡೆ ಈಜಿಪ್ಟಿನ ಅಲೆಕ್ಸಾಂಡ್ರಿಯದ ಮೇಲೆ ಗುಂಡಿನ ಮಳೆಗರೆಯಿತು. ಅದನ್ನು ಒಪ್ಪದೆ ಸಚಿವ ಜಾನ್ ಬ್ರೈಟ್ ಸಂಪುಟಕ್ಕೆ ರಾಜೀನಾಮೆಯಿತ್ತರು.

ಇಷ್ಟರಿಂದ ಗ್ಲಾಡ್‌ಸ್ಟನ್ನರ ಬಲ್ಗೇರಿಯದ ಕಳಕಳಿ ಸೋಗೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಹೊಣೆಯಿಲ್ಲದ ಕಡೆ ಮಾತಿನ ಖರ್ಚು ಕಡಿಮೆ, ಕೀರ್ತಿಯ ಆದಾಯ ಹೆಚ್ಚು ಎಂಬಷ್ಟನ್ನು ಮಾತ್ರ ಈ ದಾಖಲೆಗಳು ತೋರಿಸುತ್ತವೆ. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412; 1881ರಲ್ಲಿ 41,86,188. ಇಳಿಕೆಯಲ್ಲಿ ಗುಳೆ ಹೋದವರೂ ಸೇರಿರಬಹುದು. ಹಾಗಿದ್ದರೂ ಬ್ಲ್ಯಾಕ್‌ಹೀತಿನ ಭಾಷಣವನ್ನು ಓದುವವರು ಈ ಎರಡು ಅಂಕಿಗಳನ್ನೂ ಜೊತೆಗಿಟ್ಟು ಓದಬೇಕು.