ತರಬೇತಿ ಮೊದಲು, ಸಾಲ ನಂತರ: ಸ್ವಂತ ಉದ್ಯೋಗಕ್ಕೆ ಉಜಿರೆ ತೋರಿದ ದಾರಿ

ಶಹಾಡ್: ಕಲ್ಯಾಣ ದಾಟಿದ ಮೇಲೆ ಕಸಾರಾ ಮಾರ್ಗದಲ್ಲಿ ಸಿಗುವ ಮೊದಲ ಲೋಕಲ್ ರೈಲು ನಿಲ್ದಾಣ ಶಹಾಡ್. ಒಂದೆಡೆ ಸೆಂಚುರಿ ರೇಯಾನ್ ಕಾರ್ಖಾನೆ, ಪಕ್ಕದಲ್ಲೇ ಜೀನ್ಸ್ ಹೊಲಿಗೆ ಮತ್ತು ಫರ್ನಿಚರ್ ವ್ಯಾಪಾರಕ್ಕೆ ಹೆಸರಾದ ಉಲ್ಲಾಸನಗರ. ಇಲ್ಲಿ ಕೈಕೆಲಸ ಬಲ್ಲ ಯುವಕರಿಗೆ ಬರವಿಲ್ಲ. ಆದರೆ ಬೇರೆಯವರ ಅಂಗಡಿಯಲ್ಲಿ ದುಡಿಯುವ ಬಡ ಯುವಕ ತನ್ನದೇ ಅಂಗಡಿ ತೆರೆಯಲು ಹೊರಟರೆ ಅಡಮಾನಕ್ಕೆ ಆಸ್ತಿಯಿಲ್ಲ, ಲೆಕ್ಕ ಬರೆದು ಅಭ್ಯಾಸವಿಲ್ಲ, ಬ್ಯಾಂಕಿನಲ್ಲಿ ಪರಿಚಯವಿಲ್ಲ. ಈ ಮೂರೂ ಕೊರತೆಗೆ ಒಟ್ಟಿಗೆ ಪರಿಹಾರ ಹುಡುಕಿದ ಮಾದರಿ ಹುಟ್ಟಿದ್ದು ಕರ್ನಾಟಕದಲ್ಲಿ.

ರುಡ್‌ಸೆಟ್ ಮಾದರಿ

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್ ಜೊತೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದವು. ಹೊಲಿಗೆ, ದ್ವಿಚಕ್ರ ವಾಹನ ರಿಪೇರಿ, ಮೊಬೈಲ್ ರಿಪೇರಿ, ಹೈನುಗಾರಿಕೆಯಂಥ ಕಸುಬುಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ನೀಡುವುದು ಇದರ ಪದ್ಧತಿ. ಕಸುಬಿನ ಜೊತೆಗೆ ಮಾರುಕಟ್ಟೆ ಸಮೀಕ್ಷೆ, ಬೆಲೆ ನಿಗದಿ, ಲೆಕ್ಕಪತ್ರ, ಯೋಜನಾ ವರದಿ ತಯಾರಿಯನ್ನೂ ಕಲಿಸಲಾಗುತ್ತದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನ ಹಿಂದೆ ನಿಂತು ಬ್ಯಾಂಕ್ ಸಾಲ ಕೊಡಿಸಲು, ವ್ಯಾಪಾರ ನೆಲೆಗೊಳಿಸಲು ನೆರವಾಗುತ್ತಾರೆ.

ಇದೇ ಮಾದರಿಯಲ್ಲಿ 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದರಂತೆ ಆರ್‌ಸೆಟಿ ಕೇಂದ್ರಗಳ ಯೋಜನೆ ರೂಪಿಸಿತು. ಇವುಗಳನ್ನು ಬ್ಯಾಂಕ್‌ಗಳೇ ನಡೆಸುತ್ತವೆ. ಇಲ್ಲಿ ಗ್ರಾಮೀಣ ಬಡ ಕುಟುಂಬಗಳಿಗೆ ಆದ್ಯತೆ. ಹಾಗಾಗಿ ಕಲ್ಯಾಣ ತಾಲೂಕಿನ ಹಳ್ಳಿಗಳ ಯುವಜನರಿಗೆ ಇದು ಹತ್ತಿರದ ದಾರಿ.

ಪಟ್ಟಣದವರಿಗೆ ಏನಿದೆ?

ಮುದ್ರಾ: 2015ರ ಏಪ್ರಿಲ್ 8ರಂದು ಆರಂಭವಾದ ಯೋಜನೆ. ಶಿಶು ವಿಭಾಗದಲ್ಲಿ 50,000 ರೂ.ವರೆಗೆ, ಕಿಶೋರ್‌ನಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷ ರೂ.ವರೆಗೆ ಅಡಮಾನವಿಲ್ಲದ ಸಾಲ. ಇದು ಸಬ್ಸಿಡಿ ಅಲ್ಲ, ಬಡ್ಡಿಸಹಿತ ತೀರಿಸಬೇಕಾದ ಸಾಲ. ಮುದ್ರಾ ಸಂಸ್ಥೆ ಯಾವ ಏಜೆಂಟರನ್ನೂ ನೇಮಿಸಿಲ್ಲ. ಕಮಿಷನ್ ಕೇಳುವವರನ್ನು ನಂಬಬೇಡಿ, ನೇರವಾಗಿ ಬ್ಯಾಂಕ್‌ಗೇ ಹೋಗಿ.

ಪಿಎಂಇಜಿಪಿ: ಹೊಸ ಘಟಕಗಳಿಗೆ ಸಿಗುವ ಸಬ್ಸಿಡಿ ಯೋಜನೆ. ಉದಾಹರಣೆಗೆ, ಪಟ್ಟಣದಲ್ಲಿ 4 ಲಕ್ಷ ರೂ. ವೆಚ್ಚದ ಘಟಕ ತೆರೆಯುವ ಸಾಮಾನ್ಯ ವರ್ಗದ ಪುರುಷ ಅಭ್ಯರ್ಥಿ ಕೈಯಿಂದ ಶೇ. 10, ಅಂದರೆ 40,000 ರೂ. ಹಾಕಬೇಕು, ಶೇ. 15ರಂತೆ 60,000 ರೂ. ಸಬ್ಸಿಡಿ ಸಿಗುತ್ತದೆ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮತ್ತು ಅಂಗವಿಕಲರು ಶೇ. 5, ಅಂದರೆ 20,000 ರೂ. ಹಾಕಿದರೆ ಸಾಕು, ಸಬ್ಸಿಡಿ ಶೇ. 25, ಅಂದರೆ 1 ಲಕ್ಷ ರೂ. ಈ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ.

ಪಿಎಂ ಸ್ವನಿಧಿ: ಬೀದಿ ಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಬಂದ ಯೋಜನೆ. 2025ರ ಪರಿಷ್ಕರಣೆಯ ಬಳಿಕ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂ.ವರೆಗೆ. ಹಿಂದಿನ ಸಾಲ ತೀರಿಸಿದವರಿಗಷ್ಟೇ ಮುಂದಿನ ಕಂತು.

ಎಡವುವುದು ಎಲ್ಲಿ?

ವ್ಯಾಪಾರಕ್ಕೆಂದು ತಂದ ಸಾಲ ಮನೆ ಬಾಡಿಗೆಗೋ ಆಸ್ಪತ್ರೆ ಖರ್ಚಿಗೋ ಹೋದರೆ ಕಂತು ಕಟ್ಟಲು ಮತ್ತೊಂದು ಸಾಲ ಮಾಡಬೇಕಾಗುತ್ತದೆ. ಕಂತು ತಪ್ಪಿದರೆ ಸಿಬಿಲ್ ಅಂಕ ಕುಸಿದು ಮುಂದೆ ಬ್ಯಾಂಕಿನ ಬಾಗಿಲೇ ಮುಚ್ಚಬಹುದು. ಇದಕ್ಕೆಂದೇ 2022ರ ಆರ್‌ಬಿಐ ನಿಯಮದ ಪ್ರಕಾರ, ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಸೇರಿ ಆದಾಯದ ಅರ್ಧವನ್ನು ಮೀರುವಂತಿಲ್ಲ.

ಆದ್ದರಿಂದ ಸಾಲದ ಅರ್ಜಿಗಿಂತ ಮೊದಲು ಕಸುಬು ಕಲಿಯಿರಿ, ಅದೇ ಬೀದಿಯಲ್ಲಿ ಅಂಥ ಅಂಗಡಿ ಎಷ್ಟಿವೆ ಎಂದು ಎಣಿಸಿ, ಮೊದಲ ಆರು ತಿಂಗಳ ಖರ್ಚು ಬರೆದಿಡಿ. ಉಜಿರೆಯ ಮಾದರಿಯಲ್ಲೂ ಸಾಲದ ಸರದಿ ಬರುವುದು ಇವೆಲ್ಲ ಮುಗಿದ ಮೇಲೆಯೇ.